ಸೈಟೋಸ್ಕೆಲಿಟನ್ ಮತ್ತು ಮ್ಯಾಟ್ರಿಕ್ಸ್: ಎರಡನ್ನೂ ಒಟ್ಟಿಗೇ ಓದಿ

ಸೈಟೋಸ್ಕೆಲಿಟನ್ ಅಂದರೆ ಕೋಶದ ಅಸ್ಥಿಪಂಜರ ಅಂತ ನೋಟ್ಸಿನಲ್ಲಿ ಬರೆದುಕೊಳ್ಳುತ್ತೇವೆ. ಆ ಪದ ಓದಿದ ಕೂಡಲೇ ಅಲ್ಲಾಡದ ಮೂಳೆಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಅದನ್ನು ಮೊದಲು ಅಳಿಸಿಬಿಡಿ. ಕೋಶದ ಒಳಗಿರುವುದು ಪ್ರೋಟೀನಿನ ಎಳೆಗಳು, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ಕೋಶ ಕಟ್ಟುತ್ತಾ ಬಿಚ್ಚುತ್ತಾ ಇರುತ್ತದೆ. ಜಾತ್ರೆಯ ಚಪ್ಪರದ ಹಾಗೆ: ಇಲ್ಲಿ ಕಿತ್ತ ಗಳವನ್ನು ಅಲ್ಲಿ ನೆಡುವುದು. ಮ್ಯಾಟ್ರಿಕ್ಸ್ ಅಂದರೆ ಕೋಶದ ಹೊರಗೆ, ಸುತ್ತಲೂ ಇರುವ ಪ್ರೋಟೀನಿನ ಹೆಣಿಗೆ. ಅದಕ್ಕೆ ಆಮೇಲೆ ಬರೋಣ.

ಎಳೆಗಳಲ್ಲಿ ಮೂರು ಬಗೆ. ತೀರಾ ತೆಳ್ಳಗಿನದು ಆಕ್ಟಿನ್, ಸುಮಾರು 7 ನ್ಯಾನೋಮೀಟರ್. ಇದು ಪೊರೆಯ ಕೆಳಗೇ ಬಲೆಯಂತೆ ಹರಡಿರುತ್ತದೆ, ಮಯೋಸಿನ್ ಎಂಬ ಮೋಟಾರ್ ಪ್ರೋಟೀನಿನ ಜೊತೆ ಸೇರಿ ಎಳೆಯುತ್ತದೆ. ನಡುವಿನದು 10 ನ್ಯಾನೋಮೀಟರಿನ ಇಂಟರ್ಮೀಡಿಯೇಟ್ ಫಿಲಮೆಂಟ್. ಇದು ಹುರಿ ಮಾಡಿದ ಹಗ್ಗ, ಜಗ್ಗಿದರೂ ಸುಲಭಕ್ಕೆ ಹರಿಯುವುದಿಲ್ಲ. ಕೂದಲು, ಉಗುರುಗಳ ಕೆರಾಟಿನ್ ಈ ಗುಂಪಿನದು. ಕೆರಾಟಿನ್ ಕೋಶದ ಒಳಗೆ, ಮ್ಯಾಟ್ರಿಕ್ಸಿನ ಕೊಲಾಜೆನ್ ಹೊರಗೆ. ಪರೀಕ್ಷೆಯಲ್ಲಿ ಇದು ಅದಲುಬದಲಾಗುವುದು ಜಾಸ್ತಿ, ಜೋಪಾನ.

ಮೂರನೆಯದು ಮೈಕ್ರೋಟ್ಯೂಬ್ಯೂಲ್, 25 ನ್ಯಾನೋಮೀಟರ್ ದಪ್ಪದ ಕೊಳವೆ. ಟ್ಯೂಬ್ಯುಲಿನ್ ಜೋಡಿಗಳು ಸಾಲಾಗಿ ಸೇರಿ, ಅಂಥ 13 ಸಾಲುಗಳು ಪಕ್ಕಪಕ್ಕ ನಿಂತರೆ ಕೊಳವೆಯಾಗುತ್ತದೆ. ಇದರ ತುದಿ ಮೆಲ್ಲಗೆ ಬೆಳೆಯುತ್ತಾ ಹೋಗಿ, ಇದ್ದಕ್ಕಿದ್ದಂತೆ ಕುಸಿಯುತ್ತದೆ. ಮತ್ತೆ ಬೆಳೆಯುತ್ತದೆ. ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ 1984ರಲ್ಲಿ ಇದನ್ನು ತೋರಿಸಿಕೊಟ್ಟರು. ಹೊಸದಾಗಿ ಸೇರಿದ ಟ್ಯೂಬ್ಯುಲಿನ್ ಜಿಟಿಪಿ ಎಂಬ ಶಕ್ತಿ ತುಂಬಿದ ಪುಟ್ಟ ಅಣುವನ್ನು ಹಿಡಿದುಕೊಂಡಿರುತ್ತದೆ. ತುದಿಯಲ್ಲಿ ಆ ಜಿಟಿಪಿಯ ಟೋಪಿ ಇರುವ ತನಕ ಕೊಳವೆ ಗಟ್ಟಿ. ಟೋಪಿ ಹೋಯಿತೋ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಸಾಲುಗಳು ಹೊರಕ್ಕೆ ಬಾಗಿ ಬಿಚ್ಚಿಕೊಳ್ಳುತ್ತವೆ.

ಇಷ್ಟು ಕಷ್ಟಪಟ್ಟು ಕಟ್ಟಿ ಕೆಡವುವುದು ಸುಮ್ನೆ ಅಲ್ಲ. ಕೋಶ ಒಡೆದು ಎರಡಾಗುವಾಗ ಈ ಕೊಳವೆಗಳು ಕತ್ತಲಲ್ಲಿ ಕೈಯಾಡಿಸಿದಂತೆ ಎಲ್ಲ ಕಡೆ ಚಾಚಿ ಕ್ರೋಮೋಸೋಮುಗಳನ್ನು ಹುಡುಕುತ್ತವೆ. ಸಿಕ್ಕಿದ ಕೊಳವೆ ಉಳಿಯುತ್ತದೆ, ಸಿಗದದ್ದು ಕುಸಿದು ಮತ್ತೆ ಚಾಚುತ್ತದೆ. ಮಲೆನಾಡಿನ ಬೇಲಿಗಳಲ್ಲಿ ಅರಳುವ ಕೆಂಪು ಹಳದಿ ಗೌರಿ ಹೂ ನೋಡಿದ್ದೀರಲ್ಲಾ? ಅದರ ವಿಷದ ಗಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ಅದು ಟ್ಯೂಬ್ಯುಲಿನ್‌ಗೆ ಅಂಟಿ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತದೆ, ಕೋಶವಿಭಜನೆ ಅರ್ಧದಲ್ಲಿ ನಿಲ್ಲುತ್ತದೆ. ಕ್ರೋಮೋಸೋಮುಗಳ ಸ್ಲೈಡ್ ಮಾಡುವಾಗ ಕಾಲ್ಚಿಸಿನ್ ಬಳಸುವುದು ಇದಕ್ಕೇ.

ಈಗ ಹೊರಗೆ ಬನ್ನಿ. ಕಾಲು ಸೂಪ್ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಅದು ಗಡ್ಡೆಕಟ್ಟಿ ನಡುಗುತ್ತಿರುತ್ತದೆ, ಅಲ್ವಾ? ಅದು ಮ್ಯಾಟ್ರಿಕ್ಸಿನ ಮುಖ್ಯ ಪ್ರೋಟೀನು ಕೊಲಾಜೆನ್, ಬೆಂದು ಜೆಲಾಟಿನ್ ಆದದ್ದು. ಮೂರು ಎಳೆ ಹೆಣೆದ ಜಡೆಯಂಥ ಅದರ ರಚನೆಯನ್ನು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954-55ರಲ್ಲಿ ಬಿಡಿಸಿದರು. ಎಕ್ಸ್-ರೇಗೆ ಒಡ್ಡಿದ್ದು ಕಾಂಗರೂ ಬಾಲದ ಸ್ನಾಯುರಜ್ಜು! ರಾಮಚಂದ್ರನ್ ಓದಿದ್ದೂ ಮುಂದೆ ಬಂದು ಮಾಲೆಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ದೂ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ. ಕೊಲಾಜೆನ್ನಿನಲ್ಲಿ ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸಿನ್. ಯಾಕೆಂದರೆ ಜಡೆಯ ನಡುವೆ ಇರುವ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಚಿಕ್ಕದು ಅದೊಂದೇ.

ಜಡೆ ಬಿಗಿಯಾಗಿ ನಿಲ್ಲಲು ಅದರ ಪ್ರೋಲೀನ್‌ಗಳಿಗೆ ಹೈಡ್ರಾಕ್ಸಿಲ್ ಸೇರಬೇಕು, ಆ ಕೆಲಸಕ್ಕೆ ವಿಟಮಿನ್ ಸಿ ಬೇಕು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ಸ್ಕರ್ವಿ ಬಂದಾಗ ಒಸಡು ರಕ್ತ ಸೋರುತ್ತಿತ್ತು. ವರ್ಷಗಳ ಹಿಂದೆ ಮಾಯ್ದ ಗಾಯಗಳೂ ಮತ್ತೆ ಬಾಯಿಬಿಡುತ್ತಿದ್ದವು. ಹಳೇ ಗಾಯ ಯಾಕೆ ತೆರೆಯಬೇಕು? ಮಾಯ್ದ ಕಲೆಯಲ್ಲೂ ಹಳೆಯ ಕೊಲಾಜೆನ್ ಹೋಗಿ ಹೊಸದು ಬರುತ್ತಲೇ ಇರುತ್ತದೆ. ಹೊಸದು ಸರಿಯಾಗಿ ಹೆಣೆದುಕೊಳ್ಳದಿದ್ದರೆ ಹೊಲಿಗೆ ಸಡಿಲ. ಹೊರಗಿನದೂ ಚಪ್ಪರವೇ, ನೋಡಿ.

ಒಳಗಿನ ಹಗ್ಗಕ್ಕೂ ಹೊರಗಿನ ಹಗ್ಗಕ್ಕೂ ಗಂಟು ಹಾಕುವುದು ಇಂಟೆಗ್ರಿನ್. ಪೊರೆಯನ್ನು ತೂರಿ ನಿಂತ ಈ ಪ್ರೋಟೀನು ಹೊರಗೆ ಕೊಲಾಜೆನ್, ಫೈಬ್ರೋನೆಕ್ಟಿನ್‌ಗಳನ್ನು ಹಿಡಿಯುತ್ತದೆ, ಒಳಗೆ ಟಾಲಿನ್ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಆಕ್ಟಿನ್‌ಗೆ ಕಟ್ಟಿಕೊಳ್ಳುತ್ತದೆ. ಸ್ನಾಯುವಿನಲ್ಲಿ ಇನ್ನೊಂದು ಗಂಟೂ ಇದೆ, ಡಿಸ್ಟ್ರೋಫಿನ್ ಎಂಬ ಪ್ರೋಟೀನಿನದು. ಅದು ಇಲ್ಲದೆ ಹುಟ್ಟಿದ ಮಕ್ಕಳಿಗೆ ಸ್ನಾಯು ಕ್ಷಯಿಸುವ ಡುಶೆನ್ ಕಾಯಿಲೆ: ಸ್ನಾಯು ಕುಗ್ಗಿದಾಗಲೆಲ್ಲ ಕೋಶದ ಪೊರೆ ಹರಿಯುತ್ತದೆ.

ಈ ಗಂಟು ಬರೀ ಹಿಡಿದುಕೊಳ್ಳಲು ಮಾತ್ರ ಇರುವುದಲ್ಲ. 2006ರಲ್ಲಿ ಆಡಮ್ ಎಂಗ್ಲರ್, ಡೆನಿಸ್ ಡಿಶರ್ ಮತ್ತು ಜೊತೆಗಾರರು ಒಂದೇ ಬಗೆಯ ಕಾಂಡಕೋಶಗಳನ್ನು (ಮುಂದೆ ಬೇರೆಬೇರೆ ಕೋಶಗಳಾಗಬಲ್ಲ ಸ್ಟೆಮ್ ಸೆಲ್ಲುಗಳು) ಬೇರೆಬೇರೆ ಗಡಸಿನ ಜೆಲ್ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲೆ ಅವು ನರಕೋಶದ ಕಡೆ ತಿರುಗಿದವು, ಸ್ನಾಯುವಿನಷ್ಟು ಬಿಗಿಯಿದ್ದಲ್ಲಿ ಸ್ನಾಯುವಿನ ಕಡೆ, ಇನ್ನೂ ಗಡಸಾದಲ್ಲಿ ಮೂಳೆಯ ಕಡೆ. ನೆಲ ಎಷ್ಟು ಗಟ್ಟಿ ಅಂತ ಕೋಶ ತಿಳಿಯುವುದು ಜಗ್ಗಿ ನೋಡಿಯೇ. ಮಯೋಸಿನ್‌ಗೆ ಮದ್ದು ಹಾಕಿ ಆ ಜಗ್ಗಾಟ ನಿಲ್ಲಿಸಿದಾಗ, ಜೆಲ್ ಮೆತ್ತಗಿದೆಯೋ ಗಡಸೋ ಅನ್ನುವುದು ಕೋಶಗಳಿಗೆ ಗೊತ್ತಾಗಲೇ ಇಲ್ಲ.