ಮಂಡಿ ನೋವಿಗೆ ಶೂ ಅಲ್ಲ, ಸೈಕಲ್ ತನ್ನಿ

ಸೋಮವಾರ ಬೆಳಿಗ್ಗೆ ನಮ್ಮ ಕ್ಲಿನಿಕ್ಕಿಗೆ ಯಾರು ಕುಂಟುತ್ತಾ ಬರುತ್ತಾರೆ ಎಂದು ನೋಡಿದರೆ ಸಾಕು, ಭಾನುವಾರ ಬೆಂಗಳೂರಿನಲ್ಲಿ ಏನು ನಡೆದಿತ್ತು ಅಂತ ಹೇಳಿಬಿಡಬಹುದು. ಫಿಸಿಯೋಥೆರಪಿಸ್ಟ್ ಕೆಲಸದಲ್ಲಿ ಇದೊಂದು ಅಭ್ಯಾಸವಾಗಿಬಿಟ್ಟಿದೆ. ಮ್ಯಾರಥಾನ್ ಆಗಿದ್ದರೆ ಉಗುರು ಕಪ್ಪಾಗಿರುತ್ತದೆ. ಕ್ರಿಕೆಟ್ ಟೂರ್ನಿ ಆಗಿದ್ದರೆ ತೊಡೆಯ ಹಿಂಭಾಗ ಹಿಡಿದುಕೊಂಡಿರುತ್ತಾರೆ. ಈಜು, ಸೈಕಲ್, ಓಟ ಮೂರನ್ನೂ ಒಂದಾದ ಮೇಲೊಂದು ಮಾಡುವ ಟ್ರಯಥ್ಲಾನ್‌ನವರು ಮಾತ್ರ ಸುಲಭವಾಗಿ ಸಿಗುವುದಿಲ್ಲ. ಅವರ ನೋವು ಒಂದು ಕಡೆ, ಕಾರಣ ಇನ್ನೊಂದು ಕಡೆ.

ಕೆಲವು ತಿಂಗಳ ಹಿಂದೆ ಅಂಥವರಲ್ಲಿ ಒಬ್ಬರು ಬಂದರು. ವಯಸ್ಸು 42, ಸಾಫ್ಟ್‌ವೇರ್ ಕೆಲಸ. ನಮ್ಮ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದರು. ಬಲ ಮಂಡಿಯ ಹೊರಬದಿ ನೋವು.

"ಮೇಡಂ, ಓಡೋಕೆ ಶುರು ಮಾಡಿ ಮೂರು ಕಿಲೋಮೀಟರ್ ಆಗ್ತಿದ್ದ ಹಾಗೆ ಹಿಡ್ಕೊಳ್ಳತ್ತೆ. ಎರಡು ಜೊತೆ ಶೂ ಬದಲಾಯಿಸಿದೆ."

"ಶೂ ಬೇಡ, ನಿಮ್ಮ ಸೈಕಲ್ ತನ್ನಿ" ಅಂದೆ.

ಮರುದಿನ ಕಾರಿನ ಹಿಂದೆ ಸಿಕ್ಕಿಸಿಕೊಂಡು ತಂದರು. ಟ್ರೈನರ್ ಅನ್ನುವ ಸ್ಟ್ಯಾಂಡಿನ ಮೇಲೆ ಸೈಕಲ್ ನಿಲ್ಲಿಸಿ, ನಿಂತಲ್ಲೇ ತುಳಿಯಲು ಹೇಳಿದೆ. ಹಿಂದಿನಿಂದ ನೋಡಿದರೆ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿತ್ತು. ಪೆಡಲ್ ಕೆಳಕ್ಕೆ ಹೋದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗೆ ಚಾಚಿ ಮುಟ್ಟಬೇಕು. ಇವರಿಗೆ ಮುಟ್ಟುತ್ತಲೇ ಇರಲಿಲ್ಲ. ಸೀಟು ಹೆಚ್ಚುಕಡಿಮೆ ಎರಡು ಬೆರಳಷ್ಟು ಎತ್ತರ. ತೊಡೆಯ ಹೊರಗಡೆ ಸೊಂಟದಿಂದ ಮಂಡಿಯವರೆಗೆ ಒಂದು ಗಟ್ಟಿ ಪಟ್ಟಿ ಇಳಿಯುತ್ತದೆ. ಕಾಲು ಅತಿಯಾಗಿ ಚಾಚಿದಾಗ ಅದು ಮಂಡಿಯ ಮೂಳೆಗೆ ಒತ್ತುತ್ತದೆ. ಒಂದೆರಡು ಸಲ ಒತ್ತಿದರೆ ಏನೂ ಆಗುವುದಿಲ್ಲ. ಆದರೆ ಲೆಕ್ಕ ಹಾಕಿ: ನಿಮಿಷಕ್ಕೆ 80 ಸುತ್ತು, ಮೂರೂವರೆ ಗಂಟೆ ಸೈಕಲ್. ಒಂದು ಮಂಡಿ 16,800 ಸಲ ಮಡಚಿ ಬಿಚ್ಚುತ್ತದೆ. ಅಷ್ಟೆಲ್ಲ ಆದಮೇಲೆ ಇಳಿದು ಓಡಿದಾಗ ನೋವು ಎದ್ದಿತು. ಬೈಸಿಕೊಂಡದ್ದು ಮಾತ್ರ ಶೂ.

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಅಂತ ಎಲ್ಲರಿಗೂ ಗೊತ್ತು. ಕ್ಲಬ್ಬಿನವರು ಮೂರನ್ನೂ ಮೂರು ಬಟ್ಟೆ ತುಂಡಿನ ಹಾಗೆ ಬೇರೆಬೇರೆಯಾಗಿ ಅಭ್ಯಾಸ ಮಾಡುತ್ತಾರೆ. ನನ್ನ ಹತ್ತಿರ ಬರುವುದು ಹೊಲಿಗೆ ಬಿಚ್ಚಿದಾಗ. ನೀರಿನಿಂದ ನೆಲಕ್ಕೆ, ಸೀಟಿನಿಂದ ಕಾಲಿಗೆ, ಬೆಂಗಳೂರಿನ ತಂಪಿನಿಂದ ಕಡಲತೀರದ ಸೆಖೆಗೆ.

ಈ ಆಟ ಹುಟ್ಟಿದ್ದೇ ಒಂದು ಕ್ಲಬ್ಬಿನಲ್ಲಿ. 1974ರ ಸೆಪ್ಟೆಂಬರ್ 25ರ ಸಂಜೆ, ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ ಅಲ್ಲಿನ ಟ್ರ್ಯಾಕ್ ಕ್ಲಬ್ ನಡೆಸಿತು. ಬಂದವರು 46 ಜನ. ಆಗ ಓಟ ಮೊದಲು, ಈಜು ಕೊನೆಗೆ. ಕೊನೆಯವರು ನೀರಿನಲ್ಲಿರುವಾಗಲೇ ಕತ್ತಲಾಗಿ, ದಡದಲ್ಲಿ ಕಾರುಗಳ ಹೆಡ್‌ಲೈಟ್ ಹಾಕಿಸಬೇಕಾಯಿತು. ಸುಸ್ತಾದ ಮನುಷ್ಯ ಓಡುತ್ತಿದ್ದರೆ ರಸ್ತೆ ಬದಿಯಲ್ಲಿ ಕೂರುತ್ತಾನೆ. ನೀರಿನಲ್ಲಿ ಕೂರಲು ಜಾಗ ಎಲ್ಲಿದೆ? ಈಗ ಎಲ್ಲ ಕಡೆ ಈಜು ಮೊದಲು ಬರುವುದು ಅದಕ್ಕೇ.

ದೂರಗಳು ಹೀಗಿವೆ. ಸ್ಪ್ರಿಂಟ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿ ಇರುವುದು ಅದರ ದುಪ್ಪಟ್ಟು. ನಮ್ಮವರು ಸಾಮಾನ್ಯವಾಗಿ ಕನಸು ಕಾಣುವುದು 70.3. ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಎಲ್ಲ ಸೇರಿ 70.3 ಮೈಲಿ. 2019ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಇದು ಶುರುವಾಯಿತು. 2024ರಲ್ಲಿ ಸಂಸದ ತೇಜಸ್ವಿ ಸೂರ್ಯ ಅಲ್ಲಿ ಎಂಟೂವರೆ ಗಂಟೆಯೊಳಗೆ ಮುಗಿಸಿದ ಮೇಲಂತೂ "ಮೇಡಂ, ಮುಂದಿನ ವರ್ಷ ಗೋವಾ" ಎನ್ನುವವರು ಜಾಸ್ತಿಯಾಗಿದ್ದಾರೆ. ಸಂತೋಷ. ಆದರೆ ಮೊದಲು ಒಂದು ಸ್ಪ್ರಿಂಟ್ ಮಾಡಿ ಬನ್ನಿ ಅಂದರೆ ಮುಖ ಸಪ್ಪಗಾಗುತ್ತದೆ!

ಮೊದಲ ಹೊಲಿಗೆ ನೀರಿನದು. ನಮ್ಮಲ್ಲಿ ಎರಡು ತರಹದ ಈಜುಗಾರರು. ಊರ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತವರಿಗೆ ನೀರಿನ ಭಯ ಇಲ್ಲ. ಆದರೆ ತಲೆ ಎತ್ತಿಕೊಂಡೇ ಈಜುತ್ತಾರೆ, ಅರ್ಧ ಕಿಲೋಮೀಟರಿಗೆ ಕತ್ತು ಸೋಲುತ್ತದೆ. ಮೂವತ್ತೈದು ದಾಟಿ ಅಪಾರ್ಟ್‌ಮೆಂಟ್ ಪೂಲಿನಲ್ಲಿ ಕಲಿತವರ ಕೈಕಾಲು ನೋಡಲು ಚೆಂದ. ಆದರೆ ಅವರು ಪೂಲಿನ ತಳದ ಕಪ್ಪು ಗೆರೆ ನೋಡಿಕೊಂಡು ಈಜುವವರು. ಸಮುದ್ರದಲ್ಲಿ ಗೆರೆಯೂ ಇಲ್ಲ, 25 ಮೀಟರಿಗೊಮ್ಮೆ ಹಿಡಿಯಲು ಗೋಡೆಯೂ ಇಲ್ಲ. ಪಕ್ಕದವನ ಕೈ ಕನ್ನಡಕಕ್ಕೆ ಬಡಿಯುತ್ತದೆ. ಎದೆ ಬಿಗಿಯುತ್ತದೆ. ಉಸಿರು ಬಿಡುವುದನ್ನು ಮರೆತು ಎಳೆದುಕೊಳ್ಳುವುದೇ ಆಗುತ್ತದೆ.

38ನೇ ವಯಸ್ಸಿಗೆ ಈಜು ಕಲಿತ ಒಬ್ಬ ಟೀಚರ್ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಮುಳುಗ್ತೀನಿ ಅಂತ ಅನ್ನಿಸ್ಲಿಲ್ಲ ಮೇಡಂ, ತಳ ಕಾಣಿಸ್ಲಿಲ್ಲ, ಅಷ್ಟೇ." ಅವರಿಗೆ ನಾವು ಕಲಿಸಿದ್ದು ವೇಗ ಅಲ್ಲ. ಗಾಬರಿಯಾದರೆ ಅಂಗಾತ ಮಲಗಿ ತೇಲುವುದು, ನೀರಿನೊಳಗೆ ಗುಳುಗುಳು ಎಂದು ಉಸಿರು ಬಿಡುವುದು, ಆರೆಂಟು ಕೈಗೊಮ್ಮೆ ಮೊಸಳೆ ಹಾಗೆ ಕಣ್ಣಷ್ಟೇ ಎತ್ತಿ, ದಾರಿಯ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಬುರುಡೆ ನೋಡುವುದು. ಬೇಕಾದರೆ ರಕ್ಷಣಾ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಬಹುದು. ದೋಣಿ ನಿಮ್ಮನ್ನು ಮುಂದಕ್ಕೆ ಎಳೆಯಬಾರದು ಅಷ್ಟೇ. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಇಲ್ಲಿ ಒಂದು ಗಂಭೀರ ವಿಷಯ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗಿನ 135 ಸಾವು ಮತ್ತು ಹೃದಯಸ್ತಂಭನ ಪ್ರಕರಣಗಳನ್ನು ಸಂಶೋಧಕರು ಒಟ್ಟುಹಾಕಿ ನೋಡಿದರು. 90 ನಡೆದದ್ದು ಈಜಿನಲ್ಲಿ. ಬಹುತೇಕ ಗಂಡಸರು, ಸರಾಸರಿ ವಯಸ್ಸು 47ರ ಆಸುಪಾಸು. ಲಕ್ಷ ಜನ ಸ್ಪರ್ಧಿಸಿದರೆ ಇಬ್ಬರಿಗಿಂತ ಕಡಿಮೆ, ಹಾಗಾಗಿ ಹೆದರಬೇಕಿಲ್ಲ. ಆದರೆ ಮರಣೋತ್ತರ ಪರೀಕ್ಷೆಯ ವರದಿ ಸಿಕ್ಕವರಲ್ಲಿ ಸಾಕಷ್ಟು ಜನರಿಗೆ ಒಳಗೊಳಗೇ ಹೃದಯದ ತೊಂದರೆ ಇತ್ತು. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದವರು ಫೀಸ್ ಕಟ್ಟುವ ಮೊದಲು ಹೃದಯದ ಡಾಕ್ಟರನ್ನು ನೋಡಿ. ಲಕ್ಷಗಟ್ಟಲೆ ಕೊಟ್ಟು ಕಾರ್ಬನ್ ಸೈಕಲ್ ತರುವವರು ಈ ಪರೀಕ್ಷೆಗೆ ಚೌಕಾಸಿ ಮಾಡುವುದನ್ನು ನೋಡಿದ್ದೇನೆ.

ನೀರಿನಿಂದ ಎದ್ದಾಗ ತಲೆ ತಿರುಗುವುದು ಬೇರೆ. ಅಷ್ಟು ಹೊತ್ತು ಮಲಗಿದ ಹಾಗಿದ್ದು ಥಟ್ಟನೆ ಎದ್ದರೆ ರಕ್ತ ಕಾಲಿಗೆ ಇಳಿಯುತ್ತದೆ. ದಡ ಹತ್ತಿರವಾದಾಗ ಕಾಲನ್ನು ಸ್ವಲ್ಪ ಜೋರಾಗಿ ಬಡಿಯಿರಿ. ಎದ್ದಮೇಲೆ ಹತ್ತು ಹೆಜ್ಜೆ ನಡೆದು ಆಮೇಲೆ ಓಡಿ.

ಎರಡನೇ ಹೊಲಿಗೆ ಸೈಕಲ್‌ನಿಂದ ಓಟಕ್ಕೆ. ನನ್ನ ಅರ್ಧ ಸಂಪಾದನೆ ಇದರಿಂದಲೇ ಅಂತ ತಮಾಷೆ ಮಾಡುತ್ತಿರುತ್ತೇನೆ. ಸೈಕಲ್ ಮೇಲೆ ಸೊಂಟ ಮಡಚಿಯೇ ಇರುತ್ತದೆ, ಅದೂ ಗಂಟೆಗಟ್ಟಲೆ. ಅದಕ್ಕೂ ಮೊದಲು ವಾರವಿಡೀ ಆಫೀಸಿನ ಕುರ್ಚಿಯಲ್ಲಿ ಮಡಚಿಕೊಂಡೇ ಇತ್ತು. ಸೈಕಲ್‌ನಲ್ಲಿ ತೊಡೆ ಬರೀ ತಳ್ಳುತ್ತದೆ, ಮೈಭಾರ ಸೀಟಿನ ಮೇಲೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಅದೇ ತೊಡೆ ಮೈಭಾರವನ್ನು ತಡೆದು ಇಳಿಸಬೇಕು. ಕೆಲಸವೇ ಬೇರೆ. ಅದಕ್ಕೇ ಇಳಿದ ಕೂಡಲೇ ಕಾಲು ನಿಮ್ಮದಲ್ಲ ಅನ್ನಿಸುತ್ತದೆ. ಸೈಕಲ್ ಇಳಿದ ತಕ್ಷಣ ಓಡುವ ಅಭ್ಯಾಸಕ್ಕೆ ಕ್ಲಬ್ಬಿನವರು ಬ್ರಿಕ್ ಅಂತಾರೆ. ಕಾಲಿಗೆ ಇಟ್ಟಿಗೆ ಕಟ್ಟಿದ ಹಾಗೇ ಇರುತ್ತದೆ, ಹೆಸರೇನೋ ಸರಿಯಾಗಿದೆ.

ಬ್ರಿಕ್ ಅಂದರೆ ಮ್ಯಾರಥಾನ್ ಓಡಬೇಕಿಲ್ಲ. ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ ಬಂದವರು ಇಡ್ಲಿ-ವಡೆಗೆ ಕೂರುವ ಮೊದಲು 15 ನಿಮಿಷ ಓಡಿದರೆ ಸಾಕು. ಮೊದಲ ಐದು ನಿಮಿಷ ಬೇಕೆಂದೇ ನಿಧಾನ. ಸೈಕಲ್‌ನ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ತೆವಳಿದ ಹಾಗೆ ಕಾಣುತ್ತದೆ, ಅದಕ್ಕೆ ಸುಮ್ನೆ ಜೋರಾಗಿ ಹೊರಟುಬಿಡುತ್ತಾರೆ. ವಾರಕ್ಕೆ ಎರಡು ದಿನ ಮಂಡಿ ಮಡಚಿಕೊಂಡು ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿ. ಮೀನಖಂಡದ ಒಳಗಿನ ಸ್ನಾಯುವಿಗೆ ಅದು ಬೇಕೇ ಬೇಕು. ಯಾರೂ ಮಾಡುವುದಿಲ್ಲ, ಯಾಕೆಂದರೆ ಅದರ ಫೋಟೋ ಚೆನ್ನಾಗಿ ಬರುವುದಿಲ್ಲ.

ಮೂರನೆಯದು ಸೆಖೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಐದಕ್ಕೆ ಜಾಕೆಟ್ ಹಾಕಿಕೊಂಡು ಅಭ್ಯಾಸ ಮಾಡುತ್ತೇವೆ. ಗೋವಾದಲ್ಲಿ ಓಟ ಶುರುವಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಬೆವರು ಆರುವುದಿಲ್ಲ, ಹರಿದು ಹೋಗುತ್ತದೆ. ಆರದ ಬೆವರು ಮೈಯನ್ನು ತಣಿಸುವುದಿಲ್ಲ. ಮಂಗಳೂರು, ಉಡುಪಿ ಕಡೆಯವರು ಇಲ್ಲಿ ನಮಗಿಂತ ಗಟ್ಟಿ. ದೇಹ ಸೆಖೆಗೆ ಒಗ್ಗಲು 10ರಿಂದ 14 ದಿನ ಬೇಕು. ಕೊನೆಯ ಎರಡು ವಾರ ಮಧ್ಯಾಹ್ನದ ಬಿಸಿಲಿನಲ್ಲಿ ನಿಧಾನವಾಗಿ ಓಡಿ. ಓಡುವವನು ತೊದಲಿದರೆ, ದಿಕ್ಕು ತಪ್ಪಿದರೆ ಅದು ಬರೀ ಸುಸ್ತಲ್ಲ. ಮೊದಲು ಐಸ್ ನೀರಿನಲ್ಲಿ ಮುಳುಗಿಸಿ ತಣಿಸಬೇಕು, ಆಂಬುಲೆನ್ಸಿನಲ್ಲಿ ಸಾಗಿಸುವುದು ಆಮೇಲೆ.

ಸೆಖೆ ಅಂತ ಸಿಕ್ಕಸಿಕ್ಕಲ್ಲಿ ನೀರು ಕುಡಿಯುವುದೂ ತಪ್ಪು. ನಿಧಾನವಾಗಿ ಹೋಗುವವರಿಗೇ ಈ ಅಪಾಯ ಜಾಸ್ತಿ, ಯಾಕೆಂದರೆ ಕುಡಿಯಲು ಅವರಿಗೆ ಸಮಯ ಇರುತ್ತದೆ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ. ಮನೆಯಲ್ಲೇ ಒಂದು ಲೆಕ್ಕ ಮಾಡಿ. ಒಂದು ಗಂಟೆ ಓಡುವ ಮೊದಲು, ಆಮೇಲೆ ಮೈ ಒರೆಸಿಕೊಂಡು ತೂಕ ನೋಡಿ. ನಡುವೆ ಏನೂ ಕುಡಿಯದಿದ್ದರೆ, ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು. ಗಂಟೆಗೆ ಅದಕ್ಕಿಂತ ಜಾಸ್ತಿ ಕುಡಿಯಬೇಡಿ. ರೇಸ್ ಮುಗಿದಾಗ ತೂಕ ಏರಿದ್ದರೆ ಎಲ್ಲೋ ಎಡವಟ್ಟಾಗಿದೆ. ತಿನ್ನುವುದು ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹತ್ತಿರ. ಬಾಳೆಹಣ್ಣೋ ಎನರ್ಜಿ ಜೆಲ್ಲೋ, ಹೊಟ್ಟೆಗೆ ಮೊದಲೇ ಗೊತ್ತಿರಬೇಕು.

ಮಂಡಿ ನೋವಿನವರ ಕಥೆಗೆ ಬಂದರೆ, ಸೀಟು ಇಳಿಸಿದೆವು, ಆರು ವಾರ ಸೊಂಟದ ಸ್ನಾಯುಗಳಿಗೆ ಕೆಲಸ ಕೊಟ್ಟೆವು. ಈಗ ಮೆಟ್ಟಿಲು ನೆಟ್ಟಗೆ ಇಳಿಯುತ್ತಾರೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ದಿನಾ ಸಂಜೆ ಟವೆಲ್ ಹಾಸಿ, ಶೂ, ಕನ್ನಡಕ, ಹೆಲ್ಮೆಟ್ ಜೋಡಿಸಿಟ್ಟುಕೊಂಡು ಈಜಿನಿಂದ ಸೈಕಲ್‌ಗೆ ಬೇಗ ಬದಲಾಗುವ ಅಭ್ಯಾಸ ಮಾಡುತ್ತಾರಂತೆ. ಸಮಯ ನೋಡುವುದು ವಾಚ್‌ಮನ್. ಹೆಲ್ಮೆಟ್ಟಿನ ಬಕಲ್ ಹಾಕದೆ ಸೈಕಲ್ ಸ್ಟ್ಯಾಂಡಿನಿಂದ ತೆಗೆಯಬಾರದು ಎಂಬ ನಿಯಮವನ್ನು ಅವನಿಗೂ ಹೇಳಿಕೊಟ್ಟಿದ್ದಾರೆ. ಮರೆತು ಕೈ ಹಾಕಿದರೆ ಗೇಟಿನಿಂದಲೇ "ಸಾರ್, ಬಕಲ್ಲು!" ಅಂತ ಕೂಗುತ್ತಾನಂತೆ.