‘ಬಣ್ಣ ಕಮ್ಮಿ’ ಎಂಬ ಮಾತನ್ನು ಮಾರಿದವರು

ಟಿವಿ ನೋಡುತ್ತಾ ಬೆಳೆದ ನಮಗೆಲ್ಲ ಕ್ರೀಮಿನ ಜಾಹೀರಾತಿನ ಈ ಕಥೆ ಬಾಯಿಪಾಠ. ಹುಡುಗಿ ಕಪ್ಪಗಿದ್ದಾಳೆ, ಮುಖ ಸಪ್ಪಗಿದೆ. ಗಂಡಿನ ಕಡೆಯವರು ಒಪ್ಪಲಿಲ್ಲ, ಇಲ್ಲವೇ ಕೆಲಸ ಸಿಗಲಿಲ್ಲ. ಯಾರೋ ಒಂದು ಟ್ಯೂಬು ಕೈಗಿಡುತ್ತಾರೆ. ಕೆಲವೇ ವಾರ. ಅದೇ ಹುಡುಗಿ ಬೆಳ್ಳಗಾಗಿ ನಗುತ್ತಾ ಬರುತ್ತಾಳೆ.

ಬಿಳಿ ಬಣ್ಣದ ಆಸೆ ಈ ಜಾಹೀರಾತುಗಳಿಂದಲೇ ಹುಟ್ಟಿತು ಎಂದರೆ ತಪ್ಪಾಗುತ್ತದೆ. ಸ್ನೋ, ಪೌಡರ್ ನಮ್ಮ ಮನೆಗಳಿಗೆ ಮೊದಲೇ ಬಂದಿದ್ದವು. ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ’ ಎಂಬ ಮಾತಂತೂ ಇನ್ನೂ ಹಳೆಯದು. ಆ ‘ಕಮ್ಮಿ’ ಎಂಬ ಪದವನ್ನು ಗಮನಿಸಿ. ಕಪ್ಪೂ ಒಂದು ಬಣ್ಣವೇ ಅಲ್ವಾ? ಆದರೆ ನಮ್ಮ ಮಾತಿನಲ್ಲಿ ಅದು ಬಣ್ಣವಲ್ಲ, ಕೊರತೆ. ಕೊರತೆ ಎಂದಮೇಲೆ ಅದನ್ನು ತುಂಬಲು ಏನನ್ನಾದರೂ ಮಾರಬಹುದು.

ಹಿಂದೂಸ್ತಾನ್ ಲಿವರ್ ಕಂಪನಿ 1975ರಲ್ಲಿ ‘ಫೇರ್ ಅಂಡ್ ಲವ್ಲಿ’ಯನ್ನು ಮಾರುಕಟ್ಟೆಗೆ ತಂದಿತು. ಕ್ರೀಮಿನ ಜೊತೆ ಮುಖದ ಬಣ್ಣ ಹೋಲಿಸಿ ನೋಡುವ ಪಟ್ಟಿಯೂ ಬಂತು. ಕಪ್ಪಿನಿಂದ ಬಿಳಿಯವರೆಗೆ ಸಾಲಾಗಿ ಬಣ್ಣಗಳು. ಜ್ವರ ನೋಡುವ ಹಾಗೆ ಮುಖ ಅಳೆದುಕೊಳ್ಳುವುದು. ನನಗೆ ಇಡೀ ತಂತ್ರದಲ್ಲಿ ಅತ್ಯಂತ ಕ್ರೂರ ಅನ್ನಿಸುವುದು ಈ ಪಟ್ಟಿಯೇ. ನೆರೆಮನೆಯವರು ಆಡಿದ ಮಾತನ್ನು ಮರೆಯಬಹುದು. ಪಟ್ಟಿ ಹಿಡಿದು ಕನ್ನಡಿ ಮುಂದೆ ನಿಂತ ಹುಡುಗಿ ಆ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಾಳೆ.

ವಿರೋಧವೂ ಬಂತು. ಒಂದು ಜಾಹೀರಾತಿನಲ್ಲಿ, ಬಡ ಮನೆಯ ಅಪ್ಪ ಮಗನಿಲ್ಲವಲ್ಲ ಎಂದು ಕೊರಗುತ್ತಾನೆ. ಮಗಳು ಕ್ರೀಮು ಹಚ್ಚಿ, ಬೆಳ್ಳಗಾಗಿ, ಗಗನಸಖಿಯಾಗುತ್ತಾಳೆ. ಗಂಡು ಮಗುವಿನ ಹಂಬಲ, ಬಡತನ, ಬಣ್ಣ, ಮೂರು ನೋವಿಗೂ ಒಂದೇ ಟ್ಯೂಬು! ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಈ ಬಗೆಯ ಜಾಹೀರಾತುಗಳ ವಿರುದ್ಧ ದೂರು ಕೊಟ್ಟು ಬೆನ್ನುಹತ್ತಿತು. 2003ರಲ್ಲಿ ಕೇಂದ್ರ ಸರ್ಕಾರ ಇಂಥ ಎರಡು ಜಾಹೀರಾತುಗಳನ್ನು ತಡೆಯಿತು.

ಆಮೇಲೆ 2014ರಲ್ಲಿ ಜಾಹೀರಾತು ಉದ್ಯಮವೇ ಕಟ್ಟಿಕೊಂಡ ಮಂಡಳಿ ನಿಯಮ ತಂದಿತು. ಕಪ್ಪಗಿರುವವರನ್ನು ದುಃಖಿಗಳಂತೆ ತೋರಿಸಬಾರದು. ಮದುವೆಯಲ್ಲಿ, ಕೆಲಸದಲ್ಲಿ ಅವರು ಹಿಂದೆ ಬೀಳುವಂತೆ ತೋರಿಸಬಾರದು. ಇಂಥದ್ದನ್ನೆಲ್ಲ ಬರೆದು ಹೇಳಬೇಕಾಯಿತು ಎಂದರೆ ಅಷ್ಟು ವರ್ಷ ನಾವು ಏನು ನೋಡುತ್ತಿದ್ದೆವು ಎಂದು ಯೋಚಿಸಿ. ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ ಎಲ್ಲೆಡೆ ವರ್ಣಭೇದದ ಚರ್ಚೆ ಎದ್ದಾಗ, 2020ರಲ್ಲಿ ‘ಫೇರ್ ಅಂಡ್ ಲವ್ಲಿ’ಯ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು.

ಹೆಸರು ಬದಲಾಗಿದ್ದು ಸಣ್ಣ ಗೆಲುವಲ್ಲ. ಆದರೂ ಇಂಥ ಕ್ರೀಮುಗಳ ಜಾಹೀರಾತಿನ ಭಾಷೆ ಈಗ ಬೇರೆ ಪದಗಳಲ್ಲಿ ಅದೇ ಕೊರತೆಯನ್ನು ಹೇಳುತ್ತಿದೆ: ‘ಡಲ್’, ‘ಟ್ಯಾನ್’.

ಏಳನೇ ಕ್ಲಾಸಿನ ನನ್ನ ಸೊಸೆ, ಅಣ್ಣನ ಮಗಳು, ಕೊಕ್ಕೊ ಆಡಿ ಬಂದವಳು ಮೊನ್ನೆ ಕೇಳಿದಳು: “ಅತ್ತೆ, ನನ್ನ ಮುಖ ಡಲ್ ಆಗಿದೆಯಾ?” ಆ ಪದ ಎಲ್ಲಿಂದ ಬಂತೆಂದು ಕೇಳಿದೆ. ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಮುಖ ‘ಮೊದಲು’ ಹೇಗಿತ್ತು, ‘ಆಮೇಲೆ’ ಹೇಗಾಯಿತು ಎಂಬಲ್ಲಿ ಎರಡು ಸಲ ನಿಲ್ಲಿಸಿದೆ. ಕ್ರೀಮು ಬಿಟ್ಟು ಇನ್ನೇನು ಬದಲಾಗಿದೆ ಹುಡುಕು ಎಂದೆ.

ಅವಳು ಬೆರಳಿಟ್ಟು ತೋರಿಸತೊಡಗಿದಳು. ಮೊದಲು ಕೂದಲು ಕಟ್ಟಿದ್ದರು, ಆಮೇಲೆ ಬಿಟ್ಟಿದ್ದಾರೆ. ಮೊದಲು ನಗು ಇಲ್ಲ. ಹಿಂದಿನ ಗೋಡೆಯೂ ಬೇರೆ. ಕೊನೆಗೆ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಹೇಳಿದಳು: “ಅತ್ತೆ, ಇಲ್ಲಿ ಇವರು ಲೈಟೇ ಹಾಕಿಲ್ಲ!”