ಜಪ್ತಿ ಆದ ಟ್ರ್ಯಾಕ್ಟರ್ ಕೇಸ್ ಮುಗಿಯೂತನಕ ಬರಂಗಿಲ್ಲೇನ್ರಿ?

ಪ್ರಶ್ನೆ: ಸರ್, ಹಳ್ಳಕ್ಕ ಕಾರ್ಖಾನಿ ಹೊಲಸ ನೀರ ಬಿಡ್ತಾರಂತ ಊರವರೆಲ್ಲಾ ಕೂಡಿ ರಸ್ತಾ ಬಂದ್ ಮಾಡಿದ್ವಿ. ಆಮ್ಯಾಲೆ ಪೊಲೀಸರು ಮನಿಗೆ ಬಂದು ಹುಡುಕ್ಯಾಡಿ ನನ್ನ ಮೊಬೈಲು, ಮೈಕ್ ಸೆಟ್ಟು ಒಯ್ದ್ರು. ಟ್ರ್ಯಾಕ್ಟರ್ ಠಾಣೆ ಮುಂದ ನಿಂತೈತಿ. ಕೇಸ್ ಮುಗಿಯೂತನಕ ಯಾವುದೂ ಬರಂಗಿಲ್ಲ ಅಂತಾರ. ವಕೀಲರಿಗೆ ಕೊಡಾಕ ರೊಕ್ಕಿಲ್ಲ. ಏನ್ ಮಾಡೂದ್ರಿ? (ಮುಧೋಳ ಕಡೆಯ ಓದುಗರೊಬ್ಬರು)

ಬರ್ತೈತ್ರಿ. ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ. ವಕೀಲರ ಫೀಸಿಗೂ ದಾರಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಇದೇ ಪ್ರಶ್ನೆ ಹೆಸರು, ಊರು ಬದಲಾಯಿಸಿಕೊಂಡು ಬರುತ್ತಲೇ ಇರುತ್ತದೆ. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ವಿರುದ್ಧ ರೈತರು ಎದ್ದು, 2014ರ ಜುಲೈನಲ್ಲಿ ಗೋಲಿಬಾರ್ ಆಯಿತಲ್ಲ, ಆಗಲೂ ಕೇಸಿನ ಭಯವೇ ದೊಡ್ಡದಾಗಿತ್ತು. ಬೆಳಗಾವಿಯ ಹಲಗಾ-ಮಚ್ಛೆ ಬೈಪಾಸ್ ವಿರುದ್ಧ ಹೊಲದಲ್ಲಿ ನಿಂತವರನ್ನು ಕೇಳಿದರೂ ಅದೇ ಮಾತು. ಹೋರಾಟ ಹೇಗೆ ಮಾಡಬೇಕೆಂದು ನಮ್ಮ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಹೋರಾಟದ ಮರುವಾರ ಕೋರ್ಟಿನಲ್ಲಿ ಒಂದು ಅರ್ಜಿ ಹಾಕಬೇಕು ಅನ್ನುವುದನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ಹೇಳಬೇಕು.

ಮೊದಲು ಶೋಧದ ಬಗ್ಗೆ ನಾಲ್ಕು ಮಾತು. ವಾರಂಟ್ ಇಲ್ಲದೆ ಪೊಲೀಸರು ಮನೆಯೊಳಗೆ ಕಾಲಿಡುವಂತೆಯೇ ಇಲ್ಲ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ. ಹೊಸ ಕಾನೂನಿನ, ಅಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 185ರಲ್ಲಿ ತನಿಖಾಧಿಕಾರಿ ಕಾರಣ ಬರೆದಿಟ್ಟು ವಾರಂಟ್ ಇಲ್ಲದೆಯೂ ಶೋಧಿಸಬಹುದು. ಆದರೆ ಬರೆದ ಆ ಕಾರಣದ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಕೊಟ್ಟರೆ ಅದರ ನಕಲು ಪುಕ್ಕಟೆ ಸಿಗಬೇಕು. ಶೋಧದ ಹೊತ್ತಿಗೆ ಸ್ಥಳೀಯರಾದ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು ಇರಬೇಕು, ಮನೆಯವರಿಗೆ ಎದುರಿಗೆ ನಿಂತು ನೋಡುವ ಹಕ್ಕಿದೆ, ಒಯ್ದ ವಸ್ತುಗಳ ಪಟ್ಟಿಯ ಪ್ರತಿಯನ್ನು ಅವರ ಕೈಗೆ ಕೊಡಬೇಕು. ಕಲಂ 105ರ ಪ್ರಕಾರ ಇಡೀ ಶೋಧ ಮತ್ತು ಜಪ್ತಿಯ ವಿಡಿಯೊ ಆಗಬೇಕು. ಇವುಗಳಲ್ಲಿ ಯಾವುದು ಆಗಿಲ್ಲವೋ ಅದನ್ನು ಇವತ್ತೇ ಒಂದು ಹಾಳೆಯಲ್ಲಿ ತಾರೀಖು, ವೇಳೆ ಸಮೇತ ಬರೆದಿಡಿ. ಶೋಧದಲ್ಲಿ ತಪ್ಪಾಗಿದೆ ಎಂದ ಮಾತ್ರಕ್ಕೆ ಕೇಸೇ ಬಿದ್ದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಹೋಗುವುದಿಲ್ಲ. ಪಾಟಿಸವಾಲಿನಲ್ಲಿ ಅದು ಕೆಲಸಕ್ಕೆ ಬರುತ್ತದೆ, ಅಷ್ಟೇ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ.

"ಕೇಸ್ ಮುಗಿಯುವವರೆಗೆ ಬರುವುದಿಲ್ಲ" ಎಂಬುದು ಎಲ್ಲಿಂದ ಹುಟ್ಟಿತು? ನನ್ನ ಅಂದಾಜಿನಲ್ಲಿ ಎರಡು ಕಡೆಯಿಂದ. ಅರಣ್ಯ ಇಲಾಖೆ, ಅಬಕಾರಿ ಇಲಾಖೆ ಹಿಡಿದ ಗಾಡಿಗಳ ಕಥೆ ಬೇರೆ. ಅಲ್ಲಿ ಗಾಡಿಯನ್ನೇ ಮುಟ್ಟುಗೋಲು ಹಾಕಿಕೊಳ್ಳುವ ವಿಶೇಷ ಅಧಿಕಾರ ಇಲಾಖೆಯ ಅಧಿಕಾರಿಗಳಿಗಿದೆ, ಬಿಡಿಸಿಕೊಳ್ಳುವುದು ನಿಜಕ್ಕೂ ಕಷ್ಟ. ಸಾಗವಾನಿ ಸಾಗಿಸುವಾಗ ಸಿಕ್ಕ ಯಾರದೋ ಲಾರಿಯ ಕಥೆ ಕೇಳಿದವರು ರಸ್ತೆ ತಡೆಯಲ್ಲಿ ಸಿಕ್ಕ ಟ್ರ್ಯಾಕ್ಟರಿಗೂ ಅದನ್ನೇ ಅಂಟಿಸುತ್ತಾರೆ. ಎರಡನೆಯದು ಇನ್ನೂ ತಮಾಷೆ. ಠಾಣೆಗೆ ಹೋಗಿ ಕೇಳಿದರೆ ಅಲ್ಲಿಯವರು, "ಕೋರ್ಟಿನ್ಯಾಗ ಆರ್ಡರ್ ಮಾಡಿಸ್ಕೊಂಡ್ ಬರ್ರಿ" ಅನ್ನುತ್ತಾರೆ. ನಮ್ಮವರು ಅದನ್ನು "ಕೊಡುವುದಿಲ್ಲ" ಎಂದು ಕೇಳಿಸಿಕೊಂಡು ಮುಖ ಸಣ್ಣ ಮಾಡಿಕೊಂಡು ಮನೆಗೆ ಬರುತ್ತಾರೆ. ಅಲ್ರೀ, ಅವರು ದಾರಿ ತೋರಿಸಿದ್ದಾರೆ! ಜಪ್ತಿಯ ವರದಿ ಮ್ಯಾಜಿಸ್ಟ್ರೇಟರಿಗೆ ಹೋದ ಮೇಲೆ ವಸ್ತು ಯಾರಿಗೆ ಸೇರಬೇಕೆಂದು ಹೇಳುವವರು ಅವರೇ. ಪಿಎಸ್‌ಐ ಸಾಹೇಬರಿಗೆ ಎಷ್ಟು ಸಲ ಕೈ ಮುಗಿದರೂ, ಯಾವ ಮುಖಂಡರಿಂದ ಫೋನ್ ಮಾಡಿಸಿದರೂ ಆ ಅಧಿಕಾರ ಅವರಿಗೆ ಬರುವುದಿಲ್ಲ. ಠಾಣೆಗೆ ತಿರುಗುವ ಚಪ್ಪಲಿ ಸವೆತದಲ್ಲಿ ಅರ್ಧ ಕೋರ್ಟಿಗೆ ತಿರುಗಿದ್ದರೆ ಸಾಕಿತ್ತು.

ಸುಪ್ರೀಂ ಕೋರ್ಟ್ ಈ ವಿಷಯವನ್ನು ಇತ್ಯರ್ಥ ಮಾಡಿ ಎರಡು ದಶಕ ದಾಟಿದೆ. 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣ ನೋಡಿ. ಅದರಲ್ಲಿ ಆರೋಪಿಗಳೇ ಗುಜರಾತಿನ ಪೊಲೀಸ್ ಸಿಬ್ಬಂದಿ. ಠಾಣೆಯಲ್ಲಿದ್ದ ಮುದ್ದೆಮಾಲನ್ನು, ಅಂದರೆ ಜಪ್ತಿ ಮಾಡಿಟ್ಟ ವಸ್ತುಗಳನ್ನು ಅದಲುಬದಲು ಮಾಡಿದ, ನುಂಗಿದ ಆರೋಪ ಅವರ ಮೇಲಿತ್ತು. ಆ ಸಂದರ್ಭದಲ್ಲೇ ಕೋರ್ಟ್ ಹೇಳಿದ್ದು: ಜಪ್ತಿಯಾದ ವಸ್ತುಗಳನ್ನು ಠಾಣೆಯಲ್ಲಿ ಬಹಳ ಕಾಲ ಕೊಳೆಯಲು ಬಿಡಬಾರದು, ಏನೇ ಆದರೂ 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಇಡಬಾರದು, ಪಂಚನಾಮೆ ಮಾಡಿ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಹಕ್ಕುಳ್ಳವರಿಗೆ ಕೊಡಬೇಕು, ಸಾಕ್ಷ್ಯಕ್ಕೆ ಆ ಫೋಟೊ, ಪಂಚನಾಮೆ ಸಾಲುತ್ತವೆ. ವಾಹನಗಳ ಬಗ್ಗೆಯಂತೂ ಪ್ರತ್ಯೇಕವಾಗಿಯೇ ಹೇಳಿದೆ.

ಆ ತೀರ್ಪು ನೆಚ್ಚಿಕೊಂಡ ಹಳೆಯ ತೀರ್ಪೊಂದಿದೆ, 1977ರದು. ಹೆಸರು: ಬಸವ್ವ ಕೋಂ ದ್ಯಾಮನಗೌಡ ಪಾಟೀಲ ವಿರುದ್ಧ ಮೈಸೂರು ರಾಜ್ಯ. ಹೆಸರು ಓದಿದರೇ ಗೊತ್ತಾಗುತ್ತದೆ ಯಾವ ಸೀಮೆಯವರೆಂದು. ಕಳುವಾಗಿ ಸಿಕ್ಕ ಆಕೆಯ ವಸ್ತುಗಳು ಪೊಲೀಸರ ವಶದಲ್ಲಿದ್ದಾಗಲೇ ಮತ್ತೆ ಮಾಯವಾದವು. ಆಕೆ ಬಿಡಲಿಲ್ಲ, ದಿಲ್ಲಿಯವರೆಗೆ ಹೋದರು. ಜಪ್ತಿ ಎಂದರೆ ಸರ್ಕಾರದ ಕೈಗೆ ಒಪ್ಪಿಸಿದ ಹಾಗೆ, ಅಗತ್ಯ ತೀರಿದೊಡನೆ ಮೂಲ ಮಾಲೀಕರಿಗೆ ಮರಳಬೇಕು, ಸರಿಯಾಗಿ ಕಾಯದೆ ಕಳೆದರೆ ಸರ್ಕಾರ ಬೆಲೆ ಕಟ್ಟಿಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಡೀ ದೇಶದ ಕೋರ್ಟುಗಳು ಇವತ್ತಿಗೂ ಆ ಹೆಸರು ಬರೆದು ಆದೇಶ ಕೊಡುತ್ತವೆ. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಗೆದ್ದುಕೊಟ್ಟ ಹಕ್ಕು ನಮ್ಮ ಕಡೆಯವರಿಗೇ ಗೊತ್ತಿಲ್ಲ ಅನ್ನುವುದು ನನ್ನ ಹೊಟ್ಟೆಯುರಿ.

ಹೊಸ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಲಂ 497ರಲ್ಲಿ ಗಡುವುಗಳನ್ನೇ ಬರೆದಿದ್ದಾರೆ: ವಸ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರಪಟ್ಟಿ, ಫೋಟೊ, ಬೇಕಿದ್ದರೆ ವಿಡಿಯೊ, ಅದಾದ 30 ದಿನದೊಳಗೆ ವಿಲೇವಾರಿಯ ಆದೇಶ. ವಸ್ತುವನ್ನು ಇನ್ನೂ ಕೋರ್ಟಿಗೆ ಹಾಜರುಪಡಿಸಿಲ್ಲವಾದರೆ ಕಲಂ 503ರ ಕೆಳಗೆ ಅರ್ಜಿ. ಹಳಬರು ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 451, 457 ಎಂದರೆ ಗಾಬರಿಯಾಗಬೇಡಿ, ಅದೇ ಕಲಂಗಳು, ಹೊಸ ನಂಬರು. ಗಡುವು ಕಾನೂನಿನಲ್ಲಿದೆ ಎಂದು ಅರ್ಜಿ ಹಾಕದೆ ಕೂತರೆ ಮಾತ್ರ ಟ್ರ್ಯಾಕ್ಟರ್ ತಾನಾಗಿ ಹೊರಟು ಮನೆಗೆ ಬರುವುದಿಲ್ಲ.

ಅರ್ಜಿಗೆ ಬೇಕಾದ್ದು ಇಷ್ಟು: ಎಫ್‌ಐಆರ್ ಪ್ರತಿ, ಜಪ್ತಿ ಪಟ್ಟಿ, ಸಿಕ್ಕರೆ ಪಿ.ಎಫ್. ನಂಬರು (ಪೊಲೀಸರು ಜಪ್ತಿ ವಸ್ತು ದಾಖಲಿಸುವ ಪ್ರಾಪರ್ಟಿ ಫಾರಂನ ನಂಬರು), ಆರ್‌ಸಿ, ಇನ್ಶೂರೆನ್ಸ್, ಆಧಾರ್. ಎಪಿಪಿ ಸಾಹೇಬರು (ಸಹಾಯಕ ಸರ್ಕಾರಿ ಅಭಿಯೋಜಕರು) ತಕರಾರು ಸಲ್ಲಿಸುತ್ತಾರೆ, "ತನಿಖೆ ಬಾಕಿ ಇದೆ, ಮತ್ತೆ ಅದೇ ಕೃತ್ಯಕ್ಕೆ ಬಳಸಬಹುದು" ಎಂದು. ಅದು ಪ್ರತಿ ಕೇಸಿನಲ್ಲೂ ಬರೆಯುವ ಸಾಲು, ಎದೆ ಒಡೆದುಕೊಳ್ಳಬೇಡಿ. ಕೋರ್ಟ್ ಒಪ್ಪಿದರೆ ಇಂಡೆಮ್ನಿಟಿ ಬಾಂಡ್ (ನಷ್ಟವಾದರೆ ತುಂಬಿಕೊಡುತ್ತೇನೆಂಬ ಮುಚ್ಚಳಿಕೆ) ಮತ್ತು ಒಬ್ಬ ಶ್ಯೂರಿಟಿ (ಜಾಮೀನುದಾರ) ಕೇಳುವುದು ವಾಡಿಕೆ. ಶ್ಯೂರಿಟಿ ನಿಲ್ಲುವವರು ಹೊಲದ ಉತಾರ (ಪಹಣಿ) ತರಬೇಕಾಗುತ್ತದೆ. ಕರೆದಾಗ ಹಾಜರುಪಡಿಸಬೇಕು, ಮಾರಬಾರದು, ಬಣ್ಣ ರೂಪ ಬದಲಿಸಬಾರದು ಎಂಬ ಷರತ್ತು ಇರುತ್ತದೆ. ನಿಜವಾಗಿ ಅಡ್ಡಗಾಲು ಹಾಕುವುದು ಆರ್‌ಸಿ. ಅಪ್ಪ ತೀರಿಕೊಂಡು ವರ್ಷಗಳಾಗಿರುತ್ತವೆ, ಟ್ರ್ಯಾಕ್ಟರ್ ಇನ್ನೂ ಅವರ ಹೆಸರಿನಲ್ಲೇ ಇರುತ್ತದೆ. ಹಾಗಿದ್ದರೆ ವಂಶಾವಳಿ, ಮರಣ ಪ್ರಮಾಣಪತ್ರ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಜೋಡಿಸಿಕೊಂಡೇ ಹೋಗಿ. ಕೋರ್ಟ್ ಇಲ್ಲವೆಂದರೆ ಮೇಲಿನ ಕೋರ್ಟಿದೆ. ಹೈಕೋರ್ಟ್ ಮೆಟ್ಟಿಲೇರುವುದಾದರೆ ಬಾಗಲಕೋಟೆ, ಬೆಳಗಾವಿಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ಬೆಂಗಳೂರಿನ ಬಸ್ ಹತ್ತಬೇಕಿಲ್ಲ.

ಮೊಬೈಲ್ ಮಾತ್ರ ಟ್ರ್ಯಾಕ್ಟರಿನಷ್ಟು ಸಲೀಸಲ್ಲ, ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದಿಲ್ಲ. ಅದರೊಳಗಿನ ಮಾಹಿತಿಯೇ ಸಾಕ್ಷ್ಯವೆಂದು ಪೊಲೀಸರು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರುವವರೆಗೆ ಕೋರ್ಟ್ ತಡೆಹಿಡಿಯಬಹುದು. ಆದರೂ ಅರ್ಜಿ ಹಾಕಿ. ದತ್ತಾಂಶದ ಪ್ರತಿ ತೆಗೆದುಕೊಂಡು ಫೋನ್ ಮರಳಿಸಿ ಎಂದು, ಅದಾಗದಿದ್ದರೆ ನನ್ನ ವಿಡಿಯೊಗಳ ನಕಲನ್ನಾದರೂ ಕೊಡಿ ಎಂದು ಕೇಳಿ. ಹಳ್ಳದ ನೀರು ಕಪ್ಪಗೆ ಹರಿಯುವ ವಿಡಿಯೊ ಅದೇ ಫೋನಿನಲ್ಲಿ ತಾನೇ ಇರುವುದು? ಜಪ್ತಿ ಪಟ್ಟಿಯಲ್ಲಿ ಐಎಂಇಐ ನಂಬರು, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಬರೆದಿದ್ದಾರೆಯೇ ನೋಡಿ. ಪಾಸ್‌ವರ್ಡ್ ಬಗ್ಗೆ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ ಹೇಳಿದೆ: ತನಿಖಾಧಿಕಾರಿ ಕೇಳಬಹುದು, ಕೊಡದಿದ್ದರೆ ಕೋರ್ಟಿನಿಂದ ಶೋಧ ವಾರಂಟ್ ತರಬೇಕು. ಹಾಗಾಗಿ ವಕೀಲರನ್ನು ಕೇಳಿ ಹೇಳುತ್ತೇನೆ ಎನ್ನುವುದು ಉದ್ಧಟತನವಲ್ಲ. ಬೇರೆ ಫೋನಿನಿಂದ ಲಾಗಿನ್ ಆಗಿ ಗ್ರೂಪ್ ಅಳಿಸುವುದು, ಮೆಸೇಜ್ ಡಿಲೀಟ್ ಮಾಡುವುದು ಖಂಡಿತ ಬೇಡ. ಸಾಕ್ಷ್ಯನಾಶದ ಹೊಸ ಕೇಸನ್ನು ನೀವೇ ಕರೆದು ಕೊಟ್ಟ ಹಾಗಾಗುತ್ತದೆ.

ರೊಕ್ಕದ ವಿಷಯ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕಿನಲ್ಲಿ ಅದರ ಸಮಿತಿ ಇದೆ. ಸಹಾಯವಾಣಿ 15100. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡಬೇಕು. ಉಳಿದವರಿಗೆ ಆದಾಯದ ಮಿತಿ ಇದೆ. ಟ್ರ್ಯಾಕ್ಟರ್ ಆರ್‌ಸಿ ಅವ್ವನ ಹೆಸರಿನಲ್ಲಿದ್ದರೆ ಅರ್ಜಿದಾರಳು ಅವ್ವ, ಆಕೆಗೆ ಕಾನೂನು ನೆರವು ಹಕ್ಕಿನಿಂದಲೇ ಸಿಗುತ್ತದೆ. "ಪುಕ್ಕಟೆ ವಕೀಲರು ಸರ್ಕಾರದ ಕಡೆಯವರು" ಅನ್ನುವ ಗುಮಾನಿಗೆ ನನ್ನ ಉತ್ತರ ಇಷ್ಟೇ: ಒಮ್ಮೆ ಹೋಗಿ ನೋಡಿ. ಕಕ್ಷಿದಾರನ ಮಾತನ್ನು ಗುಟ್ಟಾಗಿಡುವ ಕರ್ತವ್ಯ ಫೀಸು ಕೊಟ್ಟ ವಕೀಲರಿಗೆ ಎಷ್ಟಿದೆಯೋ ಅವರಿಗೂ ಅಷ್ಟೇ ಇದೆ.

ಹಳ್ಳದ ಹೊಲಸು ನೀರಿನ ದೂರನ್ನು ಈ ಕೇಸಿನ ಗದ್ದಲದಲ್ಲಿ ಮರೆಯಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ, ಪರಿಹಾರ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ, ಆದರೆ ವ್ಯಾಜ್ಯದ ಕಾರಣ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು. ಅಲ್ಲಿ ನೀರಿನ ವಿಚಾರ ನಡೆಯುತ್ತದೆ, ಟ್ರ್ಯಾಕ್ಟರಿನದಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿ ಬರೆದುಕೊಂಡು ಬರುವವರಿದ್ದಾರೆ.

ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳಿಯೇ ಕೇಳುತ್ತೀರಿ: "ಮಂತ್ರಿಗಳು ವೇದಿಕೆ ಮ್ಯಾಲೆ ಕೇಸ್ ವಾಪಸ್ ತಗೊಂತೀವಿ ಅಂದಾರ, ಇನ್ನ್ಯಾಕ ಕೋರ್ಟಿಗೆ ಅಡ್ಡಾಡೂದು?" ಮಂತ್ರಿ ಹೇಳಿದೊಡನೆ ಕೇಸ್ ಹೋಗುವುದಿಲ್ಲ. ಸಂಪುಟ ಉಪಸಮಿತಿ, ಗೃಹ ಇಲಾಖೆ, ಸರ್ಕಾರಿ ಆದೇಶ ಎಲ್ಲ ದಾಟಿದ ಮೇಲೂ ಹೊಸ ಸಂಹಿತೆಯ ಕಲಂ 360ರ ಪ್ರಕಾರ ಸರ್ಕಾರಿ ಅಭಿಯೋಜಕರು ತಮ್ಮ ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕು, ಸಂತ್ರಸ್ತರಿದ್ದರೆ ಅವರ ಮಾತು ಕೇಳಬೇಕು, ಕೊನೆಗೆ ಕೋರ್ಟ್ ಒಪ್ಪಬೇಕು. 2025ರ ಮೇನಲ್ಲಿ ನಮ್ಮ ಹೈಕೋರ್ಟ್ 43 ಪ್ರಕರಣಗಳನ್ನು ಹಿಂಪಡೆಯುವ ಸರ್ಕಾರಿ ಆದೇಶವನ್ನೇ ರದ್ದು ಮಾಡಿದ್ದು ನೆನಪಿರಲಿ. ಅವು ಬೇರೆ ಬಗೆಯ ಪ್ರಕರಣಗಳು, ಹುಬ್ಬಳ್ಳಿ ಗಲಭೆಯದೂ ಅದರಲ್ಲಿತ್ತು. ಆದರೆ ವೇದಿಕೆಯ ಮಾತಿಗೂ ಕೋರ್ಟಿನ ಆದೇಶಕ್ಕೂ ಎಷ್ಟು ದೂರ ಎನ್ನುವುದು ಅದರಿಂದ ತಿಳಿಯುತ್ತದೆ. ಆ ಭರವಸೆ ನಂಬಿ ಸಮನ್ಸ್ ಬಂದರೂ ಹಾಜರಾಗದೆ ವಾರಂಟ್ ಮಾಡಿಸಿಕೊಂಡವರು ನನ್ನ ಬಳಿ ಬರುತ್ತಲೇ ಇರುತ್ತಾರೆ.

ಇನ್ನು, ಕೇಸ್ ಹಿಂಪಡೆದರೂ ಖುಲಾಸೆಯಾದರೂ ಕೊನೆಯ ಆದೇಶದ ಪ್ರತಿ ತೆಗೆಸಿ ಓದಿ. ಮಧ್ಯಂತರವಾಗಿ ಕೊಟ್ಟ ಟ್ರ್ಯಾಕ್ಟರನ್ನು ಕಾಯಂ ಮಾಡಲಾಗಿದೆ, ಬಾಂಡ್ ರದ್ದಾಗಿದೆ ಎಂಬ ಸಾಲು ಇರಬೇಕು. ಇಲ್ಲದಿದ್ದರೆ ಅದೇ ವಾರ ಅರ್ಜಿ ಹಾಕಿ ಸೇರಿಸಿಕೊಳ್ಳಿ. ಆ ಸಾಲು ಇಲ್ಲದೆ ಟ್ರ್ಯಾಕ್ಟರ್ ಮಾರಲು ಹೋದವರೂ, ಶ್ಯೂರಿಟಿ ನಿಂತ ಮಾವನ ಬೈಗುಳ ತಿಂದವರೂ ಇದ್ದಾರೆ.